ಕರಾಟೆ ಕಣದಲ್ಲಿ ಮಕ್ಕಳು ಕಲಿಯುವುದೇನು?

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ಕುಂಸಿಗೆ ಹೋಗಿದ್ದಾಗ ಅಲ್ಲಿಯ ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ನಿಂತೆವು. ಆ ಮನೆಯ 12 ವರ್ಷದ ಮೊಮ್ಮಗಳು ಎರಡು ವರ್ಷಗಳಿಂದ ಕರಾಟೆ ಕಲಿಯುತ್ತಿದ್ದಾಳೆ. ಶಿವಮೊಗ್ಗದಲ್ಲಿ ನಡೆಯಲಿದ್ದ ಒಂದು ಸೌಹಾರ್ದ ಪಂದ್ಯಕ್ಕೆ ಅವಳ ಹೆಸರು ಕೊಡುವ ವಿಷಯದಲ್ಲಿ ಮನೆಯೊಳಗೆ ಎರಡು ಪಕ್ಷಗಳಾಗಿದ್ದವು. “ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಹೆಣ್ಣುಮಗು, ಮುಖಕ್ಕೆ ಪೆಟ್ಟು ಬಿದ್ದರೆ ಏನು ಗತಿ ಶಾಸ್ತ್ರಿಗಳೇ?” ಎಂದು ಅಜ್ಜಿ ಕೇಳಿದರು.

ಈ ಪ್ರಶ್ನೆ ಒಂದು ಮನೆಯದಲ್ಲ. ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಗೆ ಅವಕಾಶವಿದ್ದು, ಅನೇಕ ಕಡೆ ಕರಾಟೆಯನ್ನೇ ಕಲಿಸುತ್ತಾರೆ. ಕಲಿಕೆಗೆ ಒಪ್ಪುವ ಮಾತಾಪಿತೃಗಳು ಪಂದ್ಯವೆಂದೊಡನೆ ಹಿಂಜರಿಯುತ್ತಾರೆ. ಆದ್ದರಿಂದ ಅಂದು ಆ ತಾಯಿಗೆ ಹೇಳಿದ ಮಾತನ್ನು ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಕರಾಟೆ ಎಂದರೆ ‘ಬರಿಗೈ’ ಎಂದರ್ಥ. ಇದು ಒಕಿನಾವಾ ದ್ವೀಪದ ವಿದ್ಯೆ. ಅಲ್ಲಿಯ ಶಾಲಾಶಿಕ್ಷಕರಾಗಿದ್ದ ಗಿಚಿನ್ ಫುನಾಕೋಶಿಯವರು (1868–1957) 1922ರಲ್ಲಿ ಟೋಕಿಯೋದಲ್ಲಿ ಇದನ್ನು ಪ್ರದರ್ಶಿಸಿದ ಮೇಲೆ ಜಪಾನಿನ ಉಳಿದ ಭಾಗಗಳಿಗೂ ಹಬ್ಬಿತು. ಶೀಲಸಂವರ್ಧನೆಯೇ ಗುರಿಯೆಂದು ನಂಬಿದ್ದ ಅವರಿಗೆ ಪಂದ್ಯಗಳಲ್ಲಿ ಒಲವಿರಲಿಲ್ಲ. ಅವರು ತೀರಿಕೊಂಡ 1957ರಲ್ಲಿಯೇ ಪ್ರಥಮ ಅಖಿಲ ಜಪಾನ್ ಪಂದ್ಯಾವಳಿ ನಡೆಯಿತು. 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕರಾಟೆ ಸ್ಥಾನ ಪಡೆಯಿತು. 2024ರ ಪ್ಯಾರಿಸ್ ಕೂಟದಲ್ಲಿ ಆ ಸ್ಥಾನ ಉಳಿಯಲಿಲ್ಲ. ಪದಕದ ಆಸೆಯಿಂದ ಮಕ್ಕಳನ್ನು ಕಳಿಸಿರೆಂದು ನಾವೂ ಹೇಳುವುದಿಲ್ಲ. ಪಂದ್ಯದ ಪ್ರಯೋಜನ ಬೇರೆಯದು.

ಸ್ಪರ್ಧೆಯಲ್ಲಿ ಎರಡು ವಿಧ. ‘ಕಟಾ’ದಲ್ಲಿ ಕಲಿತ ವರಸೆಗಳನ್ನು ಒಬ್ಬರೇ ಕ್ರಮವಾಗಿ ಮಾಡಿ ತೋರಿಸಬೇಕು. ‘ಕುಮಿಟೆ’ಯಲ್ಲಿ ಇಬ್ಬರು ಎದುರುಬದುರಾಗುತ್ತಾರೆ. ಅಂತರರಾಷ್ಟ್ರೀಯ ಪದ್ಧತಿಯಂತೆ ಗುದ್ದಿಗೆ ಒಂದು ಅಂಕ, ನಡುಭಾಗಕ್ಕೆ ಗುರಿಯಿಟ್ಟ ಒದೆತಕ್ಕೆ ಎರಡು, ತಲೆಯ ಎತ್ತರದ ಒದೆತಕ್ಕೆ ಮೂರು. ಆದರೆ ಆ ಏಟು ಹಿಡಿತದಲ್ಲಿರಬೇಕು. ಅತಿಯಾಗಿ ತಗಲಿಸಿದವರಿಗೆ ಅಂಕದ ಬದಲು ಎಚ್ಚರಿಕೆ ದೊರೆಯುತ್ತದೆ. ಅದು ಮರುಕಳಿಸಿದರೆ ಪಂದ್ಯವೇ ಕೈಬಿಡುತ್ತದೆ. 14 ವರ್ಷದೊಳಗಿನವರಿಗಂತೂ ತಲೆ, ಮುಖಗಳ ವಿಷಯದಲ್ಲಿ ನಿಯಮ ಮತ್ತಷ್ಟು ಬಿಗಿ. ಪೂರ್ಣಬಲದಿಂದ ಹೊಡೆಯುವ ಪಂಥಗಳೂ ಇವೆ. ಎಳೆಯರಿಗೆ ಅವು ಬೇಡ.

ದಿನನಿತ್ಯದ ಅಭ್ಯಾಸದಲ್ಲಿ ಮಗುವಿನ ಮುಷ್ಟಿ ಗಾಳಿಯನ್ನು ಹೊಡೆಯುತ್ತದೆ. ಗಾಳಿ ಯಾರಿಗೂ ಸಿಟ್ಟು ತರಿಸದು. ಎದುರಿಗೆ ಅಪರಿಚಿತ ಸ್ಪರ್ಧಿ, ಸುತ್ತ ಜನ, ಕಣ್ಣೆದುರೇ ಜಾರಿಹೋಗುತ್ತಿರುವ ಅಂಕ, ಇವು ಕೂಡಿದಾಗ ಕೋಪ ಹುಟ್ಟುತ್ತದೆ. ಆ ಕೋಪದ ಕ್ಷಣದಲ್ಲಿ ಕೈಯನ್ನು ತಡೆಯುವುದೇ ನಿಜವಾದ ವಿದ್ಯೆ. ಅದಕ್ಕೆ ಪಂದ್ಯವೇ ಪಾಠಶಾಲೆ.

ಪರದೇಶದ ಈ ಆಟ ನಮಗೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ವರ್ಣನೆಯೇ ಇದೆ. ಮಲ್ಲರನ್ನು ವಯಸ್ಸು, ಶರೀರ, ಬಲಗಳನ್ನು ನೋಡಿ ವಿಂಗಡಿಸುವ ಕ್ರಮವನ್ನು ಅಲ್ಲಿ ಕಾಣುತ್ತೇವೆ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿಯನ್ನು ಬಲ್ಲವರಿಗೆ ‘ಜೋಡಿ ಕಟ್ಟುವ’ ಪದ್ಧತಿ ಹೊಸದಲ್ಲ. ಸಮಬಲರನ್ನು ಎದುರಿಗೆ ನಿಲ್ಲಿಸುವುದು, ಸೆಣಸಿದ ಮೇಲೆ ಕೈ ಹಿಡಿಯುವುದು ನಮ್ಮ ಗರಡಿಯ ಧರ್ಮವೂ ಹೌದು.

ಅಜ್ಜಿ ಕಡೆಗೆ ಒಪ್ಪಿದರು. ಪಂದ್ಯದ ದಿನ ಹುಡುಗಿ ಹಾಗೂ ಅವಳ ತಂದೆಯೊಡನೆ ನಾವೂ ಶಿವಮೊಗ್ಗಕ್ಕೆ ಹೋದೆವು. ಮೊದಲು ಎರಡು ಅಂಕ ಪಡೆದಳು. ಅಷ್ಟರಲ್ಲಿ ಎದುರಾಳಿಯ ಮುಷ್ಟಿ ಅವಳ ತುಟಿಗೆ ತಗುಲಿತು. ತೀರ್ಪುಗಾರರು ಆ ಹುಡುಗಿಯನ್ನು ಎಚ್ಚರಿಸಿದರು. ಆದರೆ ನಮ್ಮವಳಿಗೆ ರೋಷ ಬಂದು, ಮರುಕ್ಷಣ ಬಲವಾಗಿ ಹೊಡೆದಳು, ಅವಳಿಗೂ ಎಚ್ಚರಿಕೆ. ಅದು ಮರುಕಳಿಸಿ, ಪಂದ್ಯ ಕೈತಪ್ಪಿತು. ಇಬ್ಬರೂ ತಲೆಬಾಗಿ ವಂದಿಸಿ ಹೊರಬಂದರು. ಮಧ್ಯಾಹ್ನ ನೋಡಿದರೆ ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದರು!

ಹಿಂದಿರುಗುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ ಹುಡುಗಿ, “ಕೈ ನನ್ನ ಮಾತು ಕೇಳಲಿಲ್ಲ ಅಜ್ಜ” ಎಂದಳು. ಎರಡು ವರ್ಷದ ಅಭ್ಯಾಸದಲ್ಲಿ ತಿಳಿಯದ್ದು ಒಂದು ಸೋಲಿನಲ್ಲಿ ತಿಳಿದಿತ್ತು. ಮನೆಯಲ್ಲಿ ಅಜ್ಜಿ ತುಟಿಗೆ ತುಪ್ಪ ಸವರಿದರು. ಗೆದ್ದೆಯಾ ಎಂದು ಕೇಳಲಿಲ್ಲ. “ಮುಂದಿನ ಸಲ ಯಾವಾಗ?” ಎಂದು ಮಾತ್ರ ಕೇಳಿದರು.

ಮಕ್ಕಳನ್ನು ಕಳಿಸುವ ಹಿರಿಯರು ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಬೇಕು. ವಯಸ್ಸು, ತೂಕ ನೋಡಿ ಜೋಡಿ ಮಾಡುತ್ತಾರೆಯೇ? ಕೈಗವಸು, ಹಲ್ಲಿನ ರಕ್ಷಣೆ, ಪ್ರಥಮ ಚಿಕಿತ್ಸೆಯ ವ್ಯವಸ್ಥೆಗಳಿವೆಯೇ? ತೀರ್ಪುಗಾರರು ತರಬೇತಿ ಪಡೆದವರೇ? ಇವಿಲ್ಲದ ಕಡೆ ಕಳಿಸದಿರುವುದೇ ವಿವೇಕ. ಹಾಗೆಯೇ ಕಣದ ಅಂಚಿನಲ್ಲಿ ನಿಂತು “ಹೊಡಿ, ಬಿಡಬೇಡ” ಎಂದು ಕೂಗುವ ತಂದೆತಾಯಿಗಳು ಗುರುವಿನ ಪಾಠವನ್ನು ತಾವೇ ಅಳಿಸುತ್ತಾರೆಂಬುದನ್ನು ಮರೆಯಬಾರದು.

ಹೊಡೆಯಬಲ್ಲ ಕೈ ತಡೆಯಲೂ ಬಲ್ಲದಾದರೆ ಆ ಮಗು ತನ್ನನ್ನು ಕಾಯ್ದುಕೊಳ್ಳುತ್ತದೆ, ಇತರರನ್ನೂ ನೋಯಿಸುವುದಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಈ ಶಿಕ್ಷಣ ಸಮನಾಗಿ ಲಭಿಸಲೆಂಬುದು ನಮ್ಮ ಹಾರೈಕೆ.