ತಾಮ್ರದ ಚೊಂಬಿನಲ್ಲಿ ನಿಂಬೆ ಪಾನಕ ಬೇಡ

ಸಿಂಡೆಲ್‌ಫಿಂಗೆನ್‌ನಲ್ಲಿ ನಾನು ಹೋದ ಕನ್ನಡ ಮನೆಗಳಲ್ಲಿ ಊರಿಂದ ತಂದ ತಾಮ್ರದ ಚೊಂಬು ಕಂಡಿದ್ದೇನೆ. ನೀರಿಗೇನೋ ಸರಿ, ಅದರಲ್ಲಿ ಮಕ್ಕಳಿಗೆ ನಿಂಬೆ ಪಾನಕ ಮಾತ್ರ ಮಾಡಿಡಬೇಡಿ.

ವಿಟಮಿನ್ ಸಿ ಗಾಳಿಯ ಆಮ್ಲಜನಕದಿಂದ ಕೆಡುತ್ತದೆ. ಹುಳಿಯಲ್ಲಿ ಈ ಕ್ರಿಯೆ ನಿಧಾನ: ಪಿಎಚ್ 4ಕ್ಕಿಂತ ಕೆಳಗೆ ಅದರ ಹೆಚ್ಚಿನ ಅಣುಗಳು ತಮ್ಮ ಹೈಡ್ರೋಜನ್ ಬಿಟ್ಟುಕೊಡುವುದಿಲ್ಲ. ನಿಂಬೆರಸದ್ದು 2ರಿಂದ 2.5. ಹಾಗಾಗಿ ಗಾಜಿನ ಬಾಟಲಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟ ಬೆಳಗಿನ ಪಾನಕದಲ್ಲಿ ಸಂಜೆಗೂ ವಿಟಮಿನ್ ಬಹುಪಾಲು ಉಳಿದಿರುತ್ತದೆ.

ತಾಮ್ರ ಬಂದರೆ ಲೆಕ್ಕವೇ ಬೇರೆ. ಹುಳಿ ಅದನ್ನು ಕರಗಿಸುತ್ತದೆ. ಕರಗಿದ ತಾಮ್ರ ತಾನು ಖರ್ಚಾಗದೆ ಆ ಕ್ರಿಯೆಯ ವೇಗ ಹೆಚ್ಚಿಸುತ್ತಲೇ ಇರುತ್ತದೆ. ವಿಟಮಿನ್ ಹೋಗುವುದಿರಲಿ, ತಾಮ್ರ ಹೆಚ್ಚಾದರೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ನಮ್ಮ ಅಜ್ಜಿಯರು ಹುಳಿ, ಸಾರಿನ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಆ ತವರದ ಪದರ ಇದಕ್ಕೇ. ಇಲ್ಲಿ ಕಲಾಯಿಯವರನ್ನು ಎಲ್ಲಿ ಹುಡುಕೋಣ? ಪಾನಕಕ್ಕೆ ಗಾಜು ಇಲ್ಲವೇ ಸ್ಟೀಲ್ ಇರಲಿ.