ಎ.ಎಲ್.ಎಸ್. ರೋಗವೂ ದಂಪತಿಗಳ ಉಪಚಾರವೂ

ಎ.ಎಲ್.ಎಸ್. ರೋಗದಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ನಶಿಸಿ, ಕೈಕಾಲಿನ ಶಕ್ತಿ, ಮಾತು, ಕಡೆಗೆ ಉಸಿರಾಟವೂ ಕುಂದುತ್ತವೆ. ಇದು ಅಂಟುರೋಗವಲ್ಲ, ದಂಪತಿಗಳು ಒಟ್ಟಿಗೆ ಮಲಗಲು ಅಂಜಬೇಕಾಗಿಲ್ಲ.

ಈ ರೋಗದ ಬಗೆಗೆ ಬ್ರಿಟನ್ನಿನ ಎಂ.ಎನ್.ಡಿ. ಸಂಘವು 1990ರಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸಂಶೋಧಕರಷ್ಟೇ ಅಲ್ಲದೆ ಉಪಚಾರ ಮಾಡುವವರೂ ತಮ್ಮ ಅನುಭವವನ್ನು ಹಂಚಿಕೊಳ್ಳುತ್ತಾರೆ. ರಿಲುಜೋಲ್ ಮಾತ್ರೆಯು ಆಯುಷ್ಯವನ್ನು ಕೆಲವು ತಿಂಗಳು ಮಾತ್ರ ವಿಸ್ತರಿಸುತ್ತದೆ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೋಫರ್ಸೆನ್ ಚುಚ್ಚುಮದ್ದು, ನೂರು ರೋಗಿಗಳಲ್ಲಿ ಸುಮಾರು ಇಬ್ಬರಿಗಿರುವ ಒಂದು ವಂಶವಾಹಿ ದೋಷಕ್ಕೆ ಮಾತ್ರ. ಆದುದರಿಂದ ಪೂರ್ಣ ಗುಣಪಡಿಸುವೆವೆನ್ನುವವರನ್ನು ನಂಬಿ ಹೊಲ ಮಾರಬೇಡಿರಿ.

ಉಸಿರಾಟ ಕುಂದಿದವರಿಗೆ ರಾತ್ರಿ ಮುಖಕವಚದ ಮೂಲಕ ಗಾಳಿ ಒದಗಿಸುವ ಯಂತ್ರದಿಂದ ಆಯುಷ್ಯ, ನೆಮ್ಮದಿ ಎರಡೂ ಹೆಚ್ಚುವುದು 2006ರ ಬ್ರಿಟಿಷ್ ಅಧ್ಯಯನದಲ್ಲಿ ಕಂಡುಬಂದಿತು. ಗಂಟಲಿನ ಸ್ನಾಯುಗಳು ತೀರ ಸೋತವರಲ್ಲಿ ಈ ಲಾಭ ಅಷ್ಟಾಗಿ ಕಾಣಲಿಲ್ಲ. ಅಂಗಾತ ಮಲಗಿದೊಡನೆ ಏದುಸಿರು, ಮುಂಜಾನೆ ತಲೆನೋವು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು. ಇದನ್ನು ಎಲ್ಲರಿಗಿಂತ ಮೊದಲು ಗಮನಿಸಬಲ್ಲವರು ಪಕ್ಕದಲ್ಲಿ ಮಲಗುವ ಪತಿ ಅಥವಾ ಪತ್ನಿ.