ಐದು ಮೀಟರ್ ಕೇಬಲ್‌ನ ತಕರಾರು

ಬಾಟಲಿ ತುಂಬುವ ಘಟಕದ ಬೆಲ್ಟ್ ಮೇಲೆ ನಿಮಿಷಕ್ಕೆ 600 ಬಾಟಲಿಗಳು ಸಾಗುತ್ತಿದ್ದರೆ, ಮುಚ್ಚಳ ಓರೆಯಾಗಿದೆಯೇ ಎಂದು ನೋಡಲು ಕ್ಯಾಮೆರಾಗೆ ಸಿಗುವುದು ಒಂದೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಚಿತ್ರ ತೆಗೆದು, ಕಂಪ್ಯೂಟರಿಗೆ ದಾಟಿಸಿ, ಕೆಟ್ಟ ಬಾಟಲಿಯನ್ನು ಪಕ್ಕಕ್ಕೆ ತಳ್ಳಿಸಬೇಕು. ಈ ಕೆಲಸದ ಎಷ್ಟೋ ಕ್ಯಾಮೆರಾಗಳ ಮುಖ ಬರೀ 29 ಮಿಲಿಮೀಟರ್ ಚೌಕ. ಹಿಂಬದಿಯಲ್ಲಿರುವುದು ಯುಎಸ್‌ಬಿ ಕಿಂಡಿ.

ಹಾಗಾದರೆ ಸಾವಿರ ರೂಪಾಯಿಯ ವೆಬ್‌ಕ್ಯಾಮ್ ಏಕೆ ಸಾಲದು? ಅದು ಬೆಳಕಿಗೆ ತಕ್ಕಂತೆ ತನ್ನಿಷ್ಟದಂತೆ ಹೊಂದಿಕೊಳ್ಳುತ್ತದೆ, ಚಿತ್ರವನ್ನು ಹಿಂಡಿ ಕಳಿಸುತ್ತದೆ. ಮಾತುಕತೆಗೆ ಅದು ಧಾರಾಳ. ಕೂದಲೆಳೆಯ ಬಿರುಕು ಹುಡುಕುವವರಿಗೆ ಮಾತ್ರ ಹಿಂಡದ, ಕಚ್ಚಾ ಚಿತ್ರವೇ ಬೇಕು.

ಕಚ್ಚಾ ಚಿತ್ರವೆಂದರೆ ಭಾರ. ಸೋನಿಯ ಐಎಂಎಕ್ಸ್174 ಸೆನ್ಸರ್ ಇರುವ ಕ್ಯಾಮೆರಾ 1920×1200 ಪಿಕ್ಸೆಲ್‌ನ ಚಿತ್ರ ಕೊಡುತ್ತದೆ. ಪಿಕ್ಸೆಲ್‌ಗೆ ಒಂದು ಬೈಟ್ ಎಂದರೂ ಒಂದು ಚಿತ್ರಕ್ಕೆ ಸುಮಾರು 23 ಲಕ್ಷ ಬೈಟ್. ಸೆಕೆಂಡಿಗೆ 155 ಚಿತ್ರ ತೆಗೆದರೆ 35 ಕೋಟಿ ದಾಟುತ್ತದೆ. ಹಳೆಯ ಯುಎಸ್‌ಬಿ 2.0 ಹೊರಬಲ್ಲದ್ದು ಸೆಕೆಂಡಿಗೆ ಸುಮಾರು 4 ಕೋಟಿ ಬೈಟ್, ಅಂದರೆ 17 ಚಿತ್ರ. 2008ರಲ್ಲಿ ಬಂದ ಯುಎಸ್‌ಬಿ 3.0 ಈ ಹೊರೆಯನ್ನು ಹೆಚ್ಚುಕಡಿಮೆ ಪೂರ್ತಿ ಹೊರುತ್ತದೆ. ಅದಕ್ಕೂ ಮೊದಲು ಇಂಥ ವೇಗ ಬೇಕೆಂದರೆ ಕಂಪ್ಯೂಟರಿನೊಳಗೆ ಪ್ರತ್ಯೇಕ ಕಾರ್ಡ್ ಕೂರಿಸಬೇಕಿತ್ತು. 2013ರಲ್ಲಿ ‘ಯುಎಸ್‌ಬಿ3 ವಿಷನ್’ ಮಾನದಂಡ ಬಂದ ಮೇಲೆ, ಒಂದು ಕಂಪನಿಯ ಕ್ಯಾಮೆರಾ ಇನ್ನೊಂದರ ಸಾಫ್ಟ್‌ವೇರ್ ಜೊತೆ ಮಾತಾಡುವುದೂ ಸುಲಭವಾಯಿತು.

ಆದರೆ ಚುಚ್ಚಿದೊಡನೆ ಎಲ್ಲವೂ ನಡೆಯುತ್ತದೆಂದು ನಂಬುವಂತಿಲ್ಲ. ಚಿತ್ರ ಅರ್ಧಕ್ಕೇ ನಿಂತಾಗ ಬೈಗುಳ ಬೀಳುವುದು ಕ್ಯಾಮೆರಾಗೆ. ತಪ್ಪು ಎಷ್ಟೋ ಸಲ ಕೇಬಲ್ಲಿನದು. ತಾಮ್ರದ ಸಾದಾ ಕೇಬಲ್ ಮೂರರಿಂದ ಐದು ಮೀಟರ್ ದಾಟಿದರೆ ಸಂಕೇತ ಕುಂದುತ್ತದೆ, ಕ್ಯಾಮೆರಾಗೆ ಅದೇ ತಂತಿಯಲ್ಲಿ ಬರುವ ವಿದ್ಯುತ್ತೂ ಸೊರಗುತ್ತದೆ. ಅದಕ್ಕಿಂತ ದೂರಕ್ಕೆ ಆಪ್ಟಿಕಲ್ ಕೇಬಲ್ ಬೇಕು, ಇಲ್ಲವೇ ನೂರು ಮೀಟರ್ ಓಡುವ ಈಥರ್ನೆಟ್ ಕ್ಯಾಮೆರಾಗೆ ಹೋಗಬೇಕು. ಯಂತ್ರ ಅದುರುವ ಕಡೆ ಪ್ಲಗ್ ಕಳಚದಂತೆ ಅದರ ಎರಡೂ ಬದಿಗೆ ಪುಟ್ಟ ಸ್ಕ್ರೂಗಳಿರುತ್ತವೆ. ಅವನ್ನು ಬಿಗಿಯದೆ ಬಿಡುವವರೇ ಹೆಚ್ಚು!

ಇನ್ನೊಂದು ಅಡ್ಡಿ ಕಣ್ಣಿಗೇ ಬೀಳುವುದಿಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಕ್ಯಾಮೆರಾದ ಸಾಫ್ಟ್‌ವೇರ್ ಬಳಸುವ ಯುಎಸ್‌ಬಿ ದಾರಿಗೆ ಮೊದಲೇ ಗೊತ್ತುಮಾಡಿದ ಮೆಮೊರಿ ಮಿತಿ 16 ಮೆಗಾಬೈಟ್. ಮೇಲೆ ಹೇಳಿದ ಚಿತ್ರಗಳು ಅದರಲ್ಲಿ ಏಳು ಹಿಡಿದಾವು. 20 ಮೆಗಾಪಿಕ್ಸೆಲ್‌ನ ಚಿತ್ರವಾದರೆ ಒಂದೂ ಹಿಡಿಯದು. ‘ಯುಎಸ್‌ಬಿಎಫ್‌ಎಸ್ ಮೆಮೊರಿ’ ಎಂಬ ಸೆಟ್ಟಿಂಗ್‌ನಲ್ಲಿ ಮಿತಿಯನ್ನು 1000ಕ್ಕೆ ಏರಿಸಿದರೆ ಕ್ಯಾಮೆರಾ ತಟ್ಟನೆ ‘ರಿಪೇರಿ’ಯಾಗುತ್ತದೆ. ಎರಡು ಕ್ಯಾಮೆರಾ ಹಾಕುವವರು ಬೇರೆ ಬೇರೆ ಪೋರ್ಟಿಗೆ ಚುಚ್ಚಿದರಷ್ಟೇ ಸಾಲದು, ಆ ಪೋರ್ಟುಗಳು ಬೇರೆ ಬೇರೆ ಕಂಟ್ರೋಲರ್‌ಗೆ ಸೇರಿವೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ಇರುವ ವೇಗವನ್ನೇ ಎರಡೂ ಹಂಚಿಕೊಳ್ಳುತ್ತವೆ.

ಬಾಟಲಿ ಬಂದ ಕ್ಷಣಕ್ಕೇ ಕ್ಲಿಕ್ಕಿಸಲು ಯುಎಸ್‌ಬಿಯನ್ನು ನೆಚ್ಚುವುದಿಲ್ಲ. ಅಲ್ಲಿ ಆದೇಶ ತಲುಪುವ ಹೊತ್ತು ಕೊಂಚ ಹಿಂದುಮುಂದಾಗುತ್ತದೆ. ಬೆಲ್ಟ್ ಬದಿಯ ಸೆನ್ಸರ್‌ನಿಂದ ನೇರವಾಗಿ ಕ್ಯಾಮೆರಾಗೆ ಬೇರೆಯೇ ತಂತಿ ಎಳೆಯುತ್ತಾರೆ. ಈ ಜೋಡಣೆಯೆಲ್ಲ ಮುಗಿದ ಮೇಲೆ ಪಕ್ಕದ ಪೋರ್ಟಿನ ವೈರ್‌ಲೆಸ್ ಮೌಸ್ ತಡವರಿಸತೊಡಗಿದರೆ ಗಾಬರಿ ಬೇಡ. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ಚಾಚುತ್ತದೆಂದು ಇಂಟೆಲ್ 2012ರಲ್ಲೇ ಬರೆದಿತ್ತು. ಒಳ್ಳೆಯ ಕವಚದ ಕೇಬಲ್ ಹಾಕಿ, ಮೌಸಿನ ರಿಸೀವರನ್ನು ಆಚೆ ಬದಿಯ ಪೋರ್ಟಿಗೆ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.